ಹೊರಹಾಕಿದ ಮನೆಗೇ ಮರಳಿ ಬಂದ ಇತಿಹಾಸ



ಕಳೆದ ರಮಝಾನ್‌ಗೆ ಮುಂಚೆ ನಮ್ಮ ಮಸೀದಿಗೆ ಸುಣ್ಣಬಣ್ಣ ಮಾಡಿಸಿದೆವು. ಕಪಾಟು ಖಾಲಿ ಮಾಡುವಾಗ ಹಳೆಯ ಲೆಕ್ಕದ ಪುಸ್ತಕಗಳು, ಚಂದಾ ರಸೀದಿಗಳು, ಗೆದ್ದಲು ಹಿಡಿದ ನಿಕಾಹ್ ದಫ್ತರಗಳು ಸಿಕ್ಕವು. ಯುವಕರು ಅವನ್ನೆಲ್ಲ ಕಟ್ಟು ಕಟ್ಟಿ ಗುಜರಿಯವನಿಗೆ ಹಾಕಿದರು. ನಾನು ಅಲ್ಲೇ ಇದ್ದೆ, ಬೇಡ ಎನ್ನಲಿಲ್ಲ. ಎರಡು ತಿಂಗಳ ನಂತರ ಒಬ್ಬ ಹಿರಿಯರು ಬಂದು, ‘ಮೌಲಾನಾ, ನನ್ನ ತಂದೆ ತಾಯಿಯ ನಿಕಾಹ್ ಇದೇ ಮಸೀದಿಯಲ್ಲಿ ಆಗಿದ್ದು. ದಫ್ತರದಲ್ಲಿ ಅವರ ಹೆಸರು ಒಮ್ಮೆ ನೋಡಬೇಕಿತ್ತು’ ಎಂದರು. ಉಳಿದಿದ್ದ ದಫ್ತರಗಳನ್ನು ಇಬ್ಬರೂ ಕೂತು ತಿರುವಿದೆವು. ಅವರು ಹೇಳಿದ ವರ್ಷ ಅದರಲ್ಲಿ ಇರಲಿಲ್ಲ. ‘ಪರವಾಗಿಲ್ಲ ಬಿಡಿ’ ಎಂದು ಎದ್ದು ಹೋದರು. ಅವರು ನನ್ನ ಮೇಲೆ ರೇಗಿದ್ದರೆ ನನಗೆ ಇಷ್ಟು ನೋವಾಗುತ್ತಿರಲಿಲ್ಲ.

ಅಂದಿನಿಂದ ನನ್ನ ಮನಸ್ಸು ಮತ್ತೆ ಮತ್ತೆ ಹೋಗುವುದು ದೂರದ ದಕ್ಷಿಣ ಆಫ್ರಿಕಾದ ಒಂದು ಪುಟ್ಟ ವಸ್ತುಸಂಗ್ರಹಾಲಯದ ಕಡೆಗೆ. ಅದು ಒಂದು ಜಮಾಅತ್ ತಾನೇ ನಿಂತು ಕಟ್ಟಿದ ಮ್ಯೂಸಿಯಂ. ಒಂದು ಮನೆಯಷ್ಟೇ ದೊಡ್ಡದು, ಏಕೆಂದರೆ ಅದು ನಿಜಕ್ಕೂ ಒಂದು ಮನೆ. ಕೇಪ್‌ಟೌನ್ ನಗರದ ದಕ್ಷಿಣಕ್ಕೆ, ರೈಲುಹಳಿ ಮುಗಿಯುವಲ್ಲಿ, ಬೆಟ್ಟಕ್ಕೂ ಕಡಲಿಗೂ ನಡುವೆ ಸೈಮನ್ಸ್ ಟೌನ್ ಎಂಬ ಬಂದರು ಊರಿದೆ. ಅಲ್ಲಿನ ‘ಆಮ್ಲೇ ಹೌಸ್’ ಎಂಬ ಹಳೆಯ ಮನೆಯಲ್ಲಿ ಆ ಊರಿನ ಮುಸ್ಲಿಮರ ಇತಿಹಾಸವನ್ನು ಕಾಪಿಡಲಾಗಿದೆ. ಆ ಮನೆಯ ಮಹತ್ವ ತಿಳಿಯಬೇಕಾದರೆ ಅಲ್ಲಿನ ಮುಸ್ಲಿಮರು ಯಾರು, ಅಲ್ಲಿಗೆ ಹೇಗೆ ಬಂದರು ಎಂಬುದನ್ನು ಮೊದಲು ನೋಡಬೇಕು.

ಸಂಕೋಲೆಯಲ್ಲಿ ಬಂದವರು

1652ರಲ್ಲಿ ಡಚ್ ಈಸ್ಟ್ ಇಂಡಿಯಾ ಕಂಪನಿಯವರು ಕೇಪ್‌ನಲ್ಲಿ ನೆಲೆಯೂರಿದರು. ದುಡಿಯಲು ಅವರಿಗೆ ಗುಲಾಮರು ಬೇಕಾಗಿದ್ದರು. ಅಲ್ಲಿಂದ 1808ರವರೆಗಿನ ಒಂದೂವರೆ ಶತಮಾನದಲ್ಲಿ ಸುಮಾರು 60,000 ಜನರನ್ನು ಹಡಗುಗಳಲ್ಲಿ ತುಂಬಿ ತಂದರು. ಇಂಡೋನೇಷ್ಯಾದ ದ್ವೀಪಗಳಿಂದ, ಮಡಗಾಸ್ಕರ್‌ನಿಂದ, ಪೂರ್ವ ಆಫ್ರಿಕಾದಿಂದ ಬಂದವರ ಜೊತೆಗೆ ನಮ್ಮ ಭಾರತದಿಂದ ಕೊಂಡೊಯ್ದವರೂ ಇದ್ದರು. ಒಟ್ಟು ಗುಲಾಮರಲ್ಲಿ ಸುಮಾರು ಕಾಲುಭಾಗ ಬಂಗಾಳ, ಮಲಬಾರ್, ಕೋರಮಂಡಲ ತೀರಗಳ ಕಡೆಯವರೆಂದು ಇತಿಹಾಸಕಾರರು ಲೆಕ್ಕ ಹಾಕಿದ್ದಾರೆ. ಅವರ ಸ್ವಂತ ಹೆಸರುಗಳನ್ನು ಅಳಿಸಿ, ಯಜಮಾನರು ಇಟ್ಟ ಹೆಸರಿನ ಮುಂದೆ ‘ಬಂಗಾಳದವನು’, ‘ಮಲಬಾರಿನವಳು’ ಎಂದು ಬರೆದರು. ತಂದೆ ಯಾರು, ಊರು ಯಾವುದು, ಯಾವ ಮಸೀದಿಯ ಪಕ್ಕದ ಮನೆ ಎಂಬುದೆಲ್ಲ ಅಲ್ಲಿಗೆ ಅಳಿದುಹೋಯಿತು.

ಗುಲಾಮರೊಂದಿಗೆ ಗಡೀಪಾರಾದ ವಿದ್ವಾಂಸರೂ ರಾಜಮನೆತನದವರೂ ಬಂದರು. ಡಚ್ಚರ ವಿರುದ್ಧ ಹೋರಾಡಿದ ಮಕಾಸ್ಸರ್‌ನ ಶೇಖ್ ಯೂಸುಫ್‌ರನ್ನು 1694ರಲ್ಲಿ 49 ಮಂದಿ ಸಂಗಡಿಗರೊಂದಿಗೆ ಕೇಪ್‌ಗೆ ತಂದು ಊರಿನಿಂದ ದೂರದ ಒಂದು ಜಮೀನಿನಲ್ಲಿ ಇರಿಸಿದರು. ಓಡಿಬಂದ ಗುಲಾಮರಿಗೆ ಅವರ ವಾಸಸ್ಥಳವೇ ಆಸರೆಯಾಯಿತು. 1699ರಲ್ಲಿ ಅವರು ಅಲ್ಲೇ ತೀರಿಕೊಂಡರು. ಆ ಪ್ರದೇಶಕ್ಕೆ ಇಂದಿಗೂ ಮಕಾಸ್ಸರ್ ಎಂದೇ ಹೆಸರು.

ಇಸ್ಲಾಮಿನ ಬಹಿರಂಗ ಆಚರಣೆಗೆ ಅನುಮತಿ ಇರದ ಕಾಲವದು. 1780ರಲ್ಲಿ ಟಿಡೋರ್ ದ್ವೀಪದಿಂದ ಕೈದಿಯಾಗಿ ಬಂದ ಇಮಾಮ್ ಅಬ್ದುಲ್ಲಾಹ್ ಅವರನ್ನು ರಾಬೆನ್ ದ್ವೀಪದ ಸೆರೆಯಲ್ಲಿಟ್ಟರು. ಮುಂದೆ ನೆಲ್ಸನ್ ಮಂಡೇಲಾರನ್ನು ಇಟ್ಟದ್ದೂ ಅದೇ ದ್ವೀಪದಲ್ಲಿ. ಅಲ್ಲಿ ಇಮಾಮರು ತಮ್ಮ ನೆನಪಿನಿಂದಲೇ ಇಡೀ ಕುರ್‌ಆನನ್ನು ಕೈಯಿಂದ ಬರೆದರು. ಬಿಡುಗಡೆಯಾದ ಮೇಲೆ, 1790ರ ದಶಕದಲ್ಲಿ, ಕೇಪ್‌ಟೌನ್‌ನ ಡಾರ್ಪ್ ಬೀದಿಯಲ್ಲಿ ಮದ್ರಸಾ ತೆರೆದರು. ಗುಲಾಮರ ಮಕ್ಕಳು ಅಲ್ಲಿ ಅಕ್ಷರ ಕಲಿತರು. ಜನ ಅವರನ್ನು ‘ತುವಾನ್ ಗುರು’ ಎಂದು ಕರೆದರು. ‘ಗುರು’ ಎಂಬುದು ನಮ್ಮ ಕಡೆಯಿಂದಲೇ ಆ ದ್ವೀಪಗಳಿಗೆ ಹೋದ ಮಾತು. ಅದೇ ಬೀದಿಯಲ್ಲಿ ದೇಶದ ಮೊದಲ ಮಸೀದಿಯಾದ ಅವ್ವಲ್ ಮಸೀದಿಯೂ ಎದ್ದಿತು. ಆ ಜಾಗ ಸಿಲೋನ್‌ನಿಂದ ಗುಲಾಮನಾಗಿ ಬಂದು ಬಿಡುಗಡೆ ಪಡೆದ ಒಬ್ಬ ಮುಸ್ಲಿಮನದಾಗಿತ್ತು. ಅವನ ಮಗಳು ಸಾರ್ಚಿ ಅದನ್ನು ಮಸೀದಿಗೆಂದು ಬಿಟ್ಟುಕೊಟ್ಟಳು. ಆಕೆಯ ಗಂಡ, ಮುಂದೆ ಇಮಾಮರಾದ ಅಹ್ಮದ್, ನಮ್ಮ ಬಂಗಾಳದವರು.

ಇವರ ಮಕ್ಕಳು ಮೊಮ್ಮಕ್ಕಳು ಆಡುತ್ತಿದ್ದ ಆಫ್ರಿಕಾನ್ಸ್ ಭಾಷೆಯನ್ನೇ ಮದ್ರಸಾಗಳಲ್ಲಿ ಅರಬಿ ಲಿಪಿಯಲ್ಲಿ ಬರೆದರು. ನಮ್ಮ ಕರಾವಳಿಯ ಬ್ಯಾರಿ, ಮಾಪಿಳ್ಳ ಹಿರಿಯರು ಅರಬಿ-ಮಲಯಾಳಂನ ಕಿತಾಬುಗಳನ್ನು ಓದುತ್ತಿದ್ದುದು ನಿಮಗೆ ನೆನಪಾಗಬಹುದು. ಹಾಗೆಯೇ ಅಲ್ಲಿ ಅರಬಿ-ಆಫ್ರಿಕಾನ್ಸ್. ಆ ಕೈಬರಹದ ಪುಸ್ತಕಗಳನ್ನು ಅವರು ಇಂದಿಗೂ ‘ಕಿತಾಬ್’ ಎಂದೇ ಕರೆಯುತ್ತಾರೆ.

ಬಂದರು ಊರಿನ ಜಮಾಅತ್

ಈ ಜನರ ಒಂದು ಕವಲು ಸೈಮನ್ಸ್ ಟೌನ್‌ನಲ್ಲಿ ಬೆಳೆಯಿತು. ಮೊದಲು ಡಚ್ಚರ, 1814ರಿಂದ ಬ್ರಿಟಿಷ್ ನೌಕಾಪಡೆಯ ಬಂದರು ಅದು. ಮುಸ್ಲಿಮರು ಅಲ್ಲಿ ಮೀನು ಹಿಡಿದರು, ಹಡಗುಕಟ್ಟೆಯಲ್ಲಿ ದುಡಿದರು, ಬಟ್ಟೆ ಹೊಲಿದರು, ನಾವಿಕರ ಬಟ್ಟೆ ಒಗೆದರು. ಬೆಟ್ಟದ ಇಳಿಜಾರಿನಲ್ಲಿ ನೂರುಲ್ ಇಸ್ಲಾಂ ಮಸೀದಿ ಕಟ್ಟಿಕೊಂಡರು. ಹಜ್ಜ್‌ಗೆ ಹೊರಡುವವರು ಮನೆ ಮನೆಗೆ ಹೋಗಿ ತಪ್ಪು ಮನ್ನಿಸಿ ಎಂದು ಕೇಳಿಕೊಳ್ಳುವ ನಮ್ಮೂರಿನ ರೂಢಿ ಅಲ್ಲಿಯೂ ಇತ್ತು. ಮೀಲಾದ್ ದಿನ ಹೆಂಗಸರು, ಹುಡುಗಿಯರು ಮಸೀದಿಯಲ್ಲಿ ಕುಳಿತು ನಿಂಬೆ ಜಾತಿಯ ಎಲೆಗಳನ್ನು ಸಣ್ಣಗೆ ಹೆಚ್ಚಿ, ಅತ್ತರು ಬೆರೆಸಿ, ಪೊಟ್ಟಣ ಕಟ್ಟಿ ಹಂಚುವುದು ಕೇಪ್ ಮುಸ್ಲಿಮರ ವಾಡಿಕೆ. ನೆರೆಯಲ್ಲಿ ಕ್ರೈಸ್ತರಿದ್ದರು, ಕರಿಯರಿದ್ದರು, ಬಿಳಿಯರಿದ್ದರು. ಹಬ್ಬದ ತಟ್ಟೆ ಗೋಡೆಯಾಚೆಗೂ ಹೋಗುತ್ತಿತ್ತು.

1950ರಲ್ಲಿ ವರ್ಣಭೇದದ ಸರಕಾರ ಎರಡು ಕಾನೂನು ತಂದಿತು. ಒಂದು, ಪ್ರತಿಯೊಬ್ಬನನ್ನೂ ಒಂದು ಜನಾಂಗದ ಖಾನೆಯಲ್ಲಿ ನೋಂದಾಯಿಸುವುದು. ಇನ್ನೊಂದು, ಯಾವ ಜನಾಂಗ ಯಾವ ಪ್ರದೇಶದಲ್ಲಿ ವಾಸಿಸಬೇಕೆಂದು ಗೆರೆ ಎಳೆಯುವುದು. ಅದರ ಹೆಸರು ಗ್ರೂಪ್ ಏರಿಯಾಸ್ ಆ್ಯಕ್ಟ್. ಮೊದಲು 1965ರಲ್ಲಿ ಸೈಮನ್ಸ್ ಟೌನ್‌ನ ಲುಯೋಲೋ ಕೇರಿಯ ಕರಿಯರನ್ನು ಗುಗುಲೆತು ಎಂಬಲ್ಲಿಗೆ ಸಾಗಿಸಿದರು. 1967ರ ಸೆಪ್ಟೆಂಬರ್ 1ರಂದು ಇಡೀ ಊರು ಬಿಳಿಯರದೆಂದು ಘೋಷಣೆಯಾಯಿತು. ಸುಮಾರು 7,000 ಜನ ಮನೆ ಬಿಡಬೇಕಾಯಿತು. ಬಹಳಷ್ಟು ಕುಟುಂಬಗಳನ್ನು ಬೆಟ್ಟದಾಚೆಯ ಹೊಸ ಬಡಾವಣೆಗೆ ಕಳುಹಿಸಿದರು. ಕಡಲತೀರ ಕಳೆದುಕೊಂಡವರ ಆ ಬಡಾವಣೆಗೆ ಇಟ್ಟ ಹೆಸರು ‘ಓಷನ್ ವ್ಯೂ’, ಅಂದರೆ ಕಡಲ ನೋಟ!

ಜನ ಹೋದರೂ ಮಸೀದಿ ಅಲ್ಲೇ ಉಳಿಯಿತು. ಮಸೀದಿಯ ಜಾಗ ಮಾರುವಂಥದ್ದಲ್ಲ ಎಂಬ ನಿಲುವಿನಲ್ಲಿ ಕೇಪ್‌ನ ಉಲಮಾಗಳು ಗಟ್ಟಿಯಾಗಿ ನಿಂತಿದ್ದರು. ಸುತ್ತಲ ಮನೆಗಳೆಲ್ಲ ಕೈತಪ್ಪಿದ ಮೇಲೂ ಜಮಾಅತಿನವರು ದೂರದಿಂದ ಜುಮಾಕ್ಕೆ ಬಂದು, ನಮಾಝ್ ಮುಗಿಸಿ, ತಾವು ಹುಟ್ಟಿದ ಬೀದಿಯಲ್ಲಿ ಪರಕೀಯರಂತೆ ನಡೆದು ಹೋಗುತ್ತಿದ್ದರು.

ಕೊನೆಗೆ ಹೋದವರು, ಮೊದಲು ಬಂದವರು

ಊರಿನಿಂದ ಕೊನೆಯದಾಗಿ ಹೊರದೂಡಲ್ಪಟ್ಟದ್ದು ಆಮ್ಲೇ ಕುಟುಂಬ. ಅದು 1975. ಇಪ್ಪತ್ತು ವರ್ಷಗಳ ನಂತರ, ವರ್ಣಭೇದ ಅಳಿದ ಮರುವರ್ಷ 1995ರಲ್ಲಿ, ಮೊದಲು ಮರಳಿ ಬಂದದ್ದೂ ಅದೇ ಕುಟುಂಬ, ಅದೇ ಮನೆಗೆ. ಇಪ್ಪತ್ತು ವರ್ಷದ ಅಗಲಿಕೆಯ ನಂತರ ಸ್ವಂತ ಮನೆ ಸಿಕ್ಕರೆ ನಾವಾದರೆ ಏನು ಮಾಡುತ್ತಿದ್ದೆವು? ಬೀಗ ತೆಗೆದು, ಬಾಗಿಲು ಹಾಕಿಕೊಂಡು ನೆಮ್ಮದಿಯಾಗಿರುತ್ತಿದ್ದೆವು. ಅವರು 1998ರಲ್ಲಿ ಅದೇ ಮನೆಯಲ್ಲಿ ಹೋದವರೆಲ್ಲರ ನೆನಪಿಗೆ ಜಾಗ ಮಾಡಿಕೊಟ್ಟರು. ಜಮಾಅತಿನವರು ಸಂಘ ಕಟ್ಟಿಕೊಂಡು, ಸ್ವಯಂಸೇವೆಯಿಂದ ಮ್ಯೂಸಿಯಂ ನಡೆಸತೊಡಗಿದರು.

ಅಲ್ಲಿ ಏನಿದೆ? ರಾಜರ ಕತ್ತಿಯಿಲ್ಲ, ಚಿನ್ನದ ನಾಣ್ಯವಿಲ್ಲ. ಮದುಮಗಳ ಕೋಣೆಯನ್ನು ಹಿಂದಿನಂತೆಯೇ ಸಿಂಗರಿಸಿ ಇಟ್ಟಿದ್ದಾರೆ. ಹಜ್ಜ್‌ಗೆಂದೇ ಒಂದು ಕೋಣೆಯಿದೆ. ಅಡಿಗೆಮನೆಯ ಪಾತ್ರೆಗಳು, ಕಪಾಟಿನ ಉಡುಪುಗಳು, ಫೋಟೋಗಳು, ಕೈಬರಹದ ಕಿತಾಬುಗಳು ಇವೆ. ಗುಜರಿಗೆ ಹಾಕಿದರೆ ನಾಲ್ಕು ಕಾಸು ಬಾರದ ವಸ್ತುಗಳು. ಆದರೆ ‘ಇಲ್ಲಿ ನಾವು ಬದುಕಿದ್ದೆವು’ ಎಂದು ಅವು ಹೇಳುತ್ತವೆ. ಗಲಾಟೆಯಿಲ್ಲದೆ, ಆದರೆ ಅಲ್ಲಗಳೆಯಲಾಗದಂತೆ ಹೇಳುತ್ತವೆ.

ಕಿತಾಬಿನ ಶಕ್ತಿ ಎಂಥದ್ದು ಎಂಬುದಕ್ಕೆ ಅದೇ ಊರಿನ ಒಂದು ಘಟನೆ ಇದೆ. ಸೈಮನ್ಸ್ ಟೌನ್‌ನಲ್ಲಿ ಹುಟ್ಟಿ, ಅಲ್ಲಿಂದ ಹೊರಬಿದ್ದ ಒಬ್ಬರಿಗೆ 1990ರ ದಶಕದ ಕೊನೆಯಲ್ಲಿ ಕುಟುಂಬದ ಹಳೆಯ ಕಿತಾಬ್ ಸಿಕ್ಕಿತು. ಅದರಲ್ಲಿ ಪೂರ್ವಜರ ಹೆಸರುಗಳಿದ್ದವು. ಆ ಹೆಸರುಗಳ ಜಾಡು ಹಿಡಿದು ಅವರು ಇಂಡೋನೇಷ್ಯಾದ ಸುಂಬಾವಾ ದ್ವೀಪದವರೆಗೆ ಹೋದರು, 18ನೇ ಶತಮಾನದಲ್ಲಿ ಗಡೀಪಾರಾದ ತಮ್ಮ ಹಿರಿಯರ ಊರನ್ನು ಕಂಡುಕೊಂಡರು. ಇನ್ನೂರೈವತ್ತು ವರ್ಷಗಳ ಹಿಂದೆ ಕಡಿದುಹೋದ ಕೊಂಡಿಯನ್ನು ಮರಳಿ ಜೋಡಿಸಿದ್ದು ಯಾವ ಸರಕಾರವೂ ಅಲ್ಲ, ತಲೆಮಾರುಗಳ ಕಾಲ ಬಟ್ಟೆಯಲ್ಲಿ ಸುತ್ತಿಟ್ಟ ನಾಲ್ಕು ಹಾಳೆಗಳು.

ಕೇಪ್‌ಟೌನ್ ನಗರದಲ್ಲೇ ಇರುವ ಡಿಸ್ಟ್ರಿಕ್ಟ್ ಸಿಕ್ಸ್ ಮ್ಯೂಸಿಯಂನ ಕಥೆಯೂ ಇಂಥದೇ. 1966ರಲ್ಲಿ ಬಿಳಿಯರದೆಂದು ಘೋಷಿಸಿದ ಆ ಬಡಾವಣೆಯಿಂದ 60,000ಕ್ಕೂ ಹೆಚ್ಚು ಜನರನ್ನು ಹೊರದೂಡಿ ಮನೆಗಳನ್ನು ಬುಲ್ಡೋಜರ್‌ನಿಂದ ನೆಲಸಮ ಮಾಡಿದರು. ನಿಂತದ್ದು ಮಸೀದಿ, ಚರ್ಚುಗಳಷ್ಟೆ. ಕೆಡವುವ ಕೆಲಸದಲ್ಲಿದ್ದವನೊಬ್ಬ ಬೀದಿಗಳ ಹೆಸರಿನ 70ಕ್ಕೂ ಹೆಚ್ಚು ಫಲಕಗಳನ್ನು ಎಸೆಯದೆ ಮನೆಯಲ್ಲಿ ಬಚ್ಚಿಟ್ಟಿದ್ದ. 1994ರಲ್ಲಿ ಹಳೆಯ ಚರ್ಚೊಂದರಲ್ಲಿ ಮ್ಯೂಸಿಯಂ ಆರಂಭವಾದಾಗ ಆ ಫಲಕಗಳು ಹೊರಬಂದವು. ನೆಲದ ಮೇಲೆ ಊರಿನ ದೊಡ್ಡ ನಕ್ಷೆ ಹಾಸಿದರು. ಹಳೆಯ ನಿವಾಸಿಗಳು ಮಂಡಿಯೂರಿ ಕುಳಿತು, ತಮ್ಮ ಮನೆಯಿದ್ದ ಜಾಗದಲ್ಲಿ ತಮ್ಮ ಹೆಸರು ಬರೆದರು. ಮುಸ್ಲಿಮರ ಹೆಸರೂ ಕ್ರೈಸ್ತರ ಹೆಸರೂ ಅಕ್ಕಪಕ್ಕದಲ್ಲೇ ಬಂದವು, ಮನೆಗಳು ಹಾಗೆಯೇ ಇದ್ದವಲ್ಲ.

ನೆನಪು ಸಾಕ್ಷಿಯಾದಾಗ

ಇದೆಲ್ಲ ಬರೀ ಭಾವನೆಯ ಮಾತಲ್ಲ. 1994ರಲ್ಲಿ ಹೊಸ ಸರಕಾರ ಒಂದು ಕಾನೂನು ಮಾಡಿತು. ಜನಾಂಗದ ಆಧಾರದ ಕಾನೂನುಗಳಿಂದ 1913ರ ಜೂನ್ 19ರ ನಂತರ ನೆಲ ಕಳೆದುಕೊಂಡವರು ಅದನ್ನು ಅಥವಾ ಪರಿಹಾರವನ್ನು ಕೇಳಬಹುದು ಎಂಬುದೇ ಆ ಕಾನೂನು. ಅರ್ಜಿ ಹಾಕಲು 1998ರ ಕೊನೆಯವರೆಗೆ ಅವಕಾಶವಿತ್ತು. ಆಗ ಪ್ರತಿ ಕುಟುಂಬದ ಮುಂದೆಯೂ ಒಂದೇ ಪ್ರಶ್ನೆ: ‘ನೀವು ಅಲ್ಲಿದ್ದಿರಿ ಎಂಬುದಕ್ಕೆ ಏನಿದೆ?’ ಬಾಡಿಗೆ ರಸೀದಿ, ಮದುವೆಯ ದಾಖಲೆ, ಬಾಗಿಲ ಮುಂದೆ ನಿಂತು ತೆಗೆಸಿಕೊಂಡ ಫೋಟೋ, ನೆರೆಯವರ ಮಾತು ಇವೆಲ್ಲಕ್ಕೂ ಅಂದು ಬೆಲೆ ಬಂತು. ಎಲ್ಲರೂ ಮರಳಲಿಲ್ಲ ಎಂಬುದೂ ನಿಜ. ಸೈಮನ್ಸ್ ಟೌನ್‌ನಿಂದ ಹೋದ ಬಹುಪಾಲು ಕುಟುಂಬಗಳು ಇಂದಿಗೂ ಬೆಟ್ಟದಾಚೆಯೇ ಇವೆ. ಅವರ ಪಾಲಿಗೆ ಊರಿನಲ್ಲಿ ತಮ್ಮದೆಂದು ಉಳಿದಿರುವುದು ಮಸೀದಿ ಮತ್ತು ಆ ಮ್ಯೂಸಿಯಂ.

ಕುರ್‌ಆನಿನ ಅತಿ ದೀರ್ಘವಾದ ಸೂಕ್ತ ಯಾವ ವಿಷಯದ್ದು ಎಂದು ಮದ್ರಸಾದ ಮಕ್ಕಳನ್ನು ಕೇಳಿ. ಅಲ್ ಬಕರ ಅಧ್ಯಾಯದ 282ನೇ ಸೂಕ್ತ ಅದು. ಸಾಲದ ವ್ಯವಹಾರವನ್ನು ಬರೆದಿಡಿ, ಸಾಕ್ಷಿ ಇಡಿ, ಚಿಕ್ಕದಿರಲಿ ದೊಡ್ಡದಿರಲಿ ಬರೆಯಲು ಬೇಸರ ಪಡಬೇಡಿ ಎಂಬುದು ಅದರ ಆಶಯ. ಇಂದು ನಮಗೆ ಚಿಕ್ಕದೆಂದು ಕಾಣುವ ಬರಹ ನಾಳೆ ಯಾರಿಗೆ ಎಷ್ಟು ದೊಡ್ಡದಾಗುವುದೋ ನಾವು ಬಲ್ಲೆವೇ? ಆ ಹಿರಿಯರು ನನ್ನ ಬಳಿ ಬಂದು ಕೇಳಿದ್ದೂ ಒಂದು ಸಾಲಿನ ಬರಹವನ್ನೇ.

ನಮ್ಮ ಊರುಗಳಲ್ಲಿ ಮ್ಯೂಸಿಯಂ ಕಟ್ಟಬೇಕೆಂದು ನಾನು ಹೇಳುತ್ತಿಲ್ಲ. ಒಂದು ಕಬ್ಬಿಣದ ಕಪಾಟು ಸಾಕು. ನಿಕಾಹ್ ದಫ್ತರ, ವಕ್ಫ್ ಪತ್ರ, ಖಬರಸ್ತಾನದ ಪಟ್ಟಿ, ಜಮಾಅತಿನ ಸಭೆಯ ನಡಾವಳಿ ಇವನ್ನು ಅದರಲ್ಲಿಡಿ. ಪ್ರತಿ ಹಾಳೆಯನ್ನೂ ಮೊಬೈಲಿನಲ್ಲಿ ಫೋಟೋ ತೆಗೆದು ಎರಡು ಕಡೆ ಉಳಿಸಿ. ಅಟ್ಟದ ಮೇಲೆ ಅಜ್ಜನ ಹಜ್ಜ್ ಪೆಟ್ಟಿಗೆ ಇದೆಯೇ? 1995ರವರೆಗೂ ಮುಂಬೈಯಿಂದ ಹಜ್ಜ್ ಹಡಗು ಹೋಗುತ್ತಿತ್ತು. ಅದರಲ್ಲಿ ಹೋಗಿಬಂದವರು ಇನ್ನೂ ನಮ್ಮ ನಡುವೆ ಇದ್ದಾರೆ. ಮಕ್ಕಳೇ, ಈ ವಾರ ಅಜ್ಜಿಯ ಪಕ್ಕ ಕುಳಿತು, ಹಳೆಯ ಫೋಟೋದಲ್ಲಿರುವವರು ಯಾರೆಂದು ಕೇಳಿ, ಹಿಂಬದಿಯಲ್ಲಿ ಪೆನ್ಸಿಲಿನಿಂದ ಹೆಸರು ಬರೆಯಿರಿ. ಅಜ್ಜಿ ಹೋದ ಮೇಲೆ ಆ ಹೆಸರು ಹೇಳುವವರು ಯಾರೂ ಇರುವುದಿಲ್ಲ.

ನಮ್ಮ ಮಸೀದಿಯಲ್ಲಿ ಉಳಿದಿದ್ದ ದಫ್ತರಗಳಿಗೆ ಈಗ ರಟ್ಟು ಹಾಕಿಸಿದ್ದೇವೆ. ಆ ಹಿರಿಯರನ್ನು ಮನೆಗೆ ಹೋಗಿ ಕಂಡೆ. ಕ್ಷಮೆ ಕೇಳಿ, ಅವರ ತಂದೆ ತಾಯಿಯ ಹೆಸರು, ವಲಿ ಯಾರು, ಸಾಕ್ಷಿಗಳು ಯಾರು ಎಂದು ಅವರು ನೆನಪಿನಿಂದ ಹೇಳಿದ್ದನ್ನೆಲ್ಲ ಬರೆದುಕೊಂಡು ಬಂದೆ. ಅದು ದಫ್ತರವಾಗುವುದಿಲ್ಲ ಎಂದು ನನಗೆ ಗೊತ್ತು. ಆದರೂ ಆ ಹಾಳೆಯನ್ನು ದಫ್ತರಗಳ ಜೊತೆಗೇ ಇಟ್ಟಿದ್ದೇನೆ.

ಹಿರಿಯರು ನಮ್ಮ ಕೈಗೊಪ್ಪಿಸಿದ ಅಮಾನತನ್ನು ಕಾಪಾಡಿಕೊಳ್ಳುವ ತೌಫೀಕನ್ನು ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ. ಆಮೀನ್.