ಮನೆಯಲ್ಲೇ ಪಿಸಿಬಿ ಮಾಡ್ತೀರಾ? ಯುವಿ ಟ್ಯೂಬ್ ತರುವ ಮುನ್ನ ನಂಬರ್ ನೋಡಿ

ಡಿಪ್ಲೊಮಾ, ಎಂಜಿನಿಯರಿಂಗ್ ಹುಡುಗರ ಪ್ರಾಜೆಕ್ಟ್ ಸಮಯ ಬಂತೆಂದರೆ ಎಲೆಕ್ಟ್ರಿಕಲ್ ಅಂಗಡಿಗಳಲ್ಲಿ ‘ಯುವಿ ಟ್ಯೂಬ್ ಇದೆಯಾ’ ಅನ್ನೋ ಪ್ರಶ್ನೆ ಶುರು. ಯುವಿಯಲ್ಲೂ ಬೇರೆ ಬೇರೆ ಜಾತಿ ಇದೆ. ತಪ್ಪು ಟ್ಯೂಬ್ ಕೊಟ್ಟರೆ ಬೋರ್ಡೂ ಕೆಡುತ್ತೆ, ಕಣ್ಣಿಗೂ ಅಪಾಯ.

ತಾಮ್ರದ ಬೋರ್ಡಿಗೆ ನೀಲಿ ಡ್ರೈ ಫಿಲ್ಮ್ ಅಂಟಿಸಿ, ಸರ್ಕಿಟ್ ಪ್ರಿಂಟ್ ಆದ ಓಎಚ್‌ಪಿ ಶೀಟನ್ನು ಮೇಲಿಟ್ಟು ಯುವಿ ಬೆಳಕು ಬಿಡುವುದು ಇದರ ವಿಧಾನ. ಬೆಳಕು ಬಿದ್ದ ಕಡೆ ಫಿಲ್ಮ್ ಗಟ್ಟಿಯಾಗುತ್ತದೆ, ಉಳಿದದ್ದು ವಾಷಿಂಗ್ ಸೋಡಾ ನೀರಿನಲ್ಲಿ ಕರಗಿ ಹೋಗುತ್ತದೆ. ಆಮೇಲೆ ಫೆರಿಕ್ ಕ್ಲೋರೈಡ್ ಕೆಲಸ. ಈ ಫಿಲ್ಮಿಗೆ ಬೇಕಾದ್ದು 365ರಿಂದ 405 ನ್ಯಾನೊಮೀಟರ್ ನಡುವಿನ ಬೆಳಕು, ಅಂದರೆ ಯುವಿ-ಎ. 365ರ ಆಸುಪಾಸು ಇದ್ದರೆ ಬೇಗ ಆಗುತ್ತೆ.

ವಾಟರ್ ಪ್ಯೂರಿಫೈಯರ್‌ನ ಯುವಿ ಟ್ಯೂಬ್ ಮಾತ್ರ ಬೇಡವೇ ಬೇಡ. ಅದು 254 ನ್ಯಾನೊಮೀಟರ್‌ನ ಯುವಿ-ಸಿ, ಕ್ರಿಮಿ ಕೊಲ್ಲುವ ಬೆಳಕು. ಮೇಲಿಡುವ ಗಾಜು, ಓಎಚ್‌ಪಿ ಶೀಟ್ ಎರಡೂ ಆ ಬೆಳಕನ್ನು ತಡೆಯುವುದರಿಂದ ಬೋರ್ಡಿಗೆ ಪ್ರಯೋಜನವೂ ಇಲ್ಲ. ವೆಲ್ಡಿಂಗ್ ಬೆಳಕನ್ನು ಬರಿಗಣ್ಣಲ್ಲಿ ನೋಡಿದವರಿಗೆ ರಾತ್ರಿ ಕಣ್ಣಲ್ಲಿ ಮರಳು ಬಿದ್ದ ಹಾಗೆ ಆಗುತ್ತಲ್ಲ, ಇದರಿಂದಲೂ ಅದೇ ಪಾಡು. ಉರಿ ಕೆಲವು ಗಂಟೆ ಬಿಟ್ಟು ಶುರುವಾಗುವುದರಿಂದ ನೋಡುವಾಗ ಏನೂ ಗೊತ್ತಾಗಲ್ಲ. 8 ವ್ಯಾಟ್‌ನಲ್ಲಿ ಎರಡೂ ಜಾತಿಯ ಟ್ಯೂಬ್ ಒಂದೇ ಉದ್ದ, ಒಂದೇ ಪಿನ್. ಒಂದೇ ಹೋಲ್ಡರಿಗೆ ಕೂರುತ್ತವೆ. ಗುರುತು ಸುಲಭ: ಗಾಜು ಪೂರ್ತಿ ಪಾರದರ್ಶಕವಾಗಿ ಒಳಗಿನ ತಂತಿ ಕಂಡರೆ ಅದು ಯುವಿ-ಸಿ. ಬೇಕಾದ ಟ್ಯೂಬ್‌ಗೆ ಒಳಗೆ ಬಿಳಿ ಲೇಪ ಇರುತ್ತದೆ (ಬಿಎಲ್), ಇಲ್ಲವೇ ಗಾಜೇ ಕಪ್ಪು ನೇರಳೆ (ಬಿಎಲ್‌ಬಿ).

ಬೇಕರಿ, ಸ್ವೀಟ್ ಅಂಗಡಿಯ ನೊಣ ಹಿಡಿಯುವ ಮಷೀನಿನಲ್ಲಿ ಇರುವುದು ಈ ಬಿಎಲ್ ಟ್ಯೂಬೇ. ಪಿಸಿಬಿಗೆ ಇದಕ್ಕಿಂತ ಒಳ್ಳೆ ಆಯ್ಕೆ ಕಡಿಮೆ. ಎರಡು ಟ್ಯೂಬ್ ಪಕ್ಕಪಕ್ಕ ಇಟ್ಟರೆ ಅವುಗಳ ನಡುವಿನ ಅಂತರದಷ್ಟಾದರೂ ಎತ್ತರದಲ್ಲಿ ಇರಲಿ, ಬೆಳಕು ಸಮನಾಗಿ ಬೀಳುತ್ತದೆ. ಕ್ಯಾಶ್ ಕೌಂಟರ್‌ನ ನೋಟು ಪರೀಕ್ಷೆ ಮಷೀನಿನ ಪುಟ್ಟ ಟ್ಯೂಬೂ ಚಿಕ್ಕ ಬೋರ್ಡಿಗೆ ಸಾಕು, ಸಮಯ ಜಾಸ್ತಿ ಹಿಡಿಯುತ್ತೆ ಅಷ್ಟೆ.

ಬ್ಯೂಟಿ ಪಾರ್ಲರ್‌ನ ನೇಲ್ ಲ್ಯಾಂಪ್ ಬಳಸುವವರೂ ಇದ್ದಾರೆ. ಸಾಮಾನ್ಯವಾಗಿ 365, 405 ಎರಡೂ ಬಗೆಯ ಎಲ್‌ಇಡಿ ಅದರಲ್ಲಿರುತ್ತವೆ, ಕೆಲಸ ಬೇಗ. ಆದರೆ ಬೆಳಕು ಪಕ್ಕದಿಂದಲೂ ನುಗ್ಗುವುದರಿಂದ ಸಣ್ಣ ಗೆರೆಗಳು ಕೆಡಬಹುದು. ಪ್ರಿಂಟ್ ಆದ ಮುಖ ಫಿಲ್ಮಿಗೆ ತಾಗಿಕೊಂಡಿರಲಿ, ಮೇಲೊಂದು ಗಾಜು ಭಾರಕ್ಕೆ. ಅಗ್ಗದ ಯುವಿ ಸ್ಟ್ರಿಪ್‌ಗಳು ಸಾಮಾನ್ಯವಾಗಿ 395–405, ನಿಧಾನ ಆದರೂ ನಡೆಯುತ್ತೆ. ಮದುವೆ ಮನೆ ಅಲಂಕಾರದ ನೇರಳೆ ಬಲ್ಬ್ ಬರೀ ಬಣ್ಣ. ಬಿಸಿಲು ಪುಕ್ಕಟೆ, ಮಧ್ಯಾಹ್ನ ಕೆಲವೇ ನಿಮಿಷ ಸಾಕು. ಮೋಡ ಬಂದರೆ ಲೆಕ್ಕ ತಪ್ಪಿತು.

ಎಷ್ಟು ಹೊತ್ತು ಅನ್ನುವುದು ಲ್ಯಾಂಪಿನ ಮೇಲೆ ಹೋಗುತ್ತದೆ, ಇನ್ನೊಬ್ಬರ ನಿಮಿಷ ನಂಬಬೇಡಿ. ಫಿಲ್ಮ್ ಅಂಟಿಸಿದ ಒಂದು ತುಂಡು ಬೋರ್ಡನ್ನು ಕಪ್ಪು ರಟ್ಟಿನಿಂದ ಮುಚ್ಚಿ, 30 ಸೆಕೆಂಡಿಗೊಮ್ಮೆ ರಟ್ಟನ್ನು ಒಂದು ಬೆರಳಿನಷ್ಟು ಹಿಂದೆ ಸರಿಸಿ. ಲೀಟರ್ ನೀರಿಗೆ ಸುಮಾರು 10 ಗ್ರಾಂ ವಾಷಿಂಗ್ ಸೋಡಾ (ಅಡುಗೆ ಸೋಡಾ ಅಲ್ಲ) ಹಾಕಿ ತೊಳೆದಾಗ ಯಾವ ಪಟ್ಟಿಯಿಂದ ಫಿಲ್ಮ್ ಗಟ್ಟಿಯಾಗಿ ನಿಲ್ಲುತ್ತದೋ ಅದೇ ನಿಮ್ಮ ಸಮಯ.

ಯುವಿ-ಎ ಅಷ್ಟು ಉಗ್ರವಲ್ಲದಿದ್ದರೂ ದಿಟ್ಟಿಸಿ ನೋಡುವಂತಿಲ್ಲ. ಮುಚ್ಚಳ ಇರುವ ಪೆಟ್ಟಿಗೆಯೊಳಗೇ ಲ್ಯಾಂಪ್ ಉರಿಯಲಿ. ಟ್ಯೂಬಿನಲ್ಲಿ ಪಾದರಸ ಇರುತ್ತದೆ. ಒಡೆದರೆ ಕಿಟಕಿ ತೆರೆದು ಸ್ವಲ್ಪ ಹೊತ್ತು ಹೊರಗಿರಿ, ಚೂರುಗಳನ್ನು ಪೊರಕೆಯಿಂದ ಗುಡಿಸದೆ ರಟ್ಟಿನಿಂದ ಎತ್ತಿ ಮುಚ್ಚಿದ ಡಬ್ಬಿಗೆ ಹಾಕಿ.