ನೀರಿನ ನೆಂಟಸ್ತಿಕೆ

ಪರಸ್ಥಳದಿಂದ ಬಂದು ನೆಲಸಿದವರು ಒಂದು ನಾಡಿನವರೇ ಆಗುವುದು ಹೇಗೆಂಬ ಪ್ರಶ್ನೆಗೆ, ಭಾಷೆಯಿಂದ ಎಂದು ಕೆಲವರೂ ಮತಾಚಾರದಿಂದ ಎಂದು ಕೆಲವರೂ ಉತ್ತರ ಹೇಳುವುದುಂಟು. ಬೆಂಗಳೂರು ಸೀಮೆಯ ಚರಿತ್ರೆಯನ್ನು ಪರಿಶೀಲಿಸಿದರೆ, ಇವೆರಡರ ಜೊತೆಗೆ ನೀರೆಂಬ ಮತ್ತೊಂದು ಬಾಂಧವ್ಯವೂ ಇದ್ದಿತೆಂದು ತೋರುವುದು. ಅದನ್ನು ವಾಚಕರ ಮುಂದಿಡುವುದಷ್ಟೇ ಈ ಲೇಖನದ ಉದ್ದೇಶ.

ನಮ್ಮ ಬ್ಯಾಡರಹಳ್ಳಿಯು ಬೆಂಗಳೂರಿನಿಂದ ಮಾಗಡಿಗೆ ಹೋಗುವ ದಾರಿಯಲ್ಲಿರುವುದು. ಊರಿನ ಹೆಸರೇ ಬೇಟೆಯಿಂದ ಬದುಕಿದ ಬೇಡರನ್ನು ನೆನಪಿಗೆ ತರುತ್ತದೆ. ಈ ಸೀಮೆಗೆ ಮಹಾನದಿಯ ಆಶ್ರಯವಿಲ್ಲ. ವೃಷಭಾವತಿ, ಅರ್ಕಾವತಿಗಳು ಮಳೆಯನ್ನೇ ನಂಬಿದ ಹೊಳೆಗಳು. ಆದಕಾರಣ 1537ರಲ್ಲಿ ಬೆಂಗಳೂರಿನ ಕೋಟೆಯನ್ನು ಕಟ್ಟಿಸಿದ ಕೆಂಪೇಗೌಡರೂ ಅವರ ವಂಶದವರೂ ಕೆರೆಗಳನ್ನು ಕಟ್ಟಿಸಿದರೆಂದು ಪ್ರಸಿದ್ಧಿ. ಧರ್ಮಾಂಬುಧಿ, ಕೆಂಪಾಂಬುಧಿ, ಸಂಪಂಗಿ ಮೊದಲಾದ ಕೆರೆಗಳಿಂದ ಸುತ್ತಲಿನ ಬಾವಿಗಳಿಗೆ ಊಟೆ, ಬಾವಿಗಳಿಂದ ತೋಟಗಳಿಗೆ ನೀರು.

ಆ ತೋಟಗಳನ್ನು ಬೆಳೆಸಿದವರಲ್ಲಿ ವಹ್ನಿಕುಲ ಕ್ಷತ್ರಿಯರೆನಿಸಿದ ತಿಗಳರು ಮುಖ್ಯರು. ಅವರಲ್ಲಿ ಅನೇಕರ ಮನೆಮಾತು ಕನ್ನಡವೂ ತೆಲುಗೂ ಬೆರೆತ ತಮಿಳು. 1760ರಲ್ಲಿ ಹೈದರಾಲಿಯು ಲಾಲ್‌ಬಾಗನ್ನು ಆರಂಭಿಸಿದಾಗ ಅದರ ಕೆಲಸಕ್ಕೆ ಇವರನ್ನು ಕರೆಸಿದನೆಂಬ ಪ್ರತೀತಿಯುಂಟು. ತಮಿಳರಿಗೆ ಅವರ ಮಾತು ಪೂರ್ತಿ ತಮಿಳಲ್ಲ, ಕನ್ನಡಿಗರಿಗೆ ಪೂರ್ತಿ ಕನ್ನಡವಲ್ಲ. ಹೀಗಿದ್ದರೂ ಬೆಂಗಳೂರಿನ ಅತ್ಯಂತ ಪ್ರಸಿದ್ಧವಾದ ಉತ್ಸವವು ಅವರದೇ ಆಗಿರುವುದು. ಚೈತ್ರಶುದ್ಧ ಪೂರ್ಣಿಮೆಯ ರಾತ್ರಿ ಧರ್ಮರಾಯನ ಗುಡಿಯಿಂದ ಹೊರಡುವ ದ್ರೌಪದಿಯ ಕರಗವು ಪೇಟೆಯ ಬೀದಿಗಳನ್ನೆಲ್ಲ ಸುತ್ತಿ, ಮಸ್ತಾನ್ ಸಾಹೇಬರ ದರ್ಗಾಕ್ಕೂ ಹೋಗಿಬರುವುದು. ಇದಕ್ಕೆ ಮೊದಲು ನಡೆಯುವ ಹಸಿಕರಗದ ವಿಧಿಗೆ ಸಂಪಂಗಿಯ ಕೆರೆಯೇ ಸ್ಥಾನ. ತೋಟಕ್ಕೆ ನೀರುಣಿಸಿದ ಕೆರೆಯೇ ದೇವರಿಗೂ ನೆಲೆಯಾಯಿತು. ಹಾಗೆ ಬಂದವರು ಊರಿನವರಾದರು.

ಈ ಬಾಂಧವ್ಯಕ್ಕೆ ಈಜೆಂಬುದು ಇನ್ನೊಂದು ಮುಖ. ಕಾವ್ಯದ ಅಷ್ಟಾದಶ ವರ್ಣನೆಗಳಲ್ಲಿ ಜಲಕ್ರೀಡೆಯೂ ಒಂದಷ್ಟೆ. ಕಲ್ಯಾಣದ ಚಾಳುಕ್ಯ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸವೂ ಅರಸರ ವಿನೋದಗಳಲ್ಲಿ ಅದನ್ನು ಸೇರಿಸಿದೆ. ಆದರೆ ಜನಸಾಮಾನ್ಯರ ಜಲಕ್ರೀಡೆ ನಡೆದದ್ದು ತೋಟದ ಬಾವಿಗಳಲ್ಲಿ. ಪಾಠಶಾಲೆಯ ಹುಡುಗರಾದ ನಾವು ಜಲಕ್ರೀಡೆಯ ಶ್ಲೋಕಗಳನ್ನು ಕಂಠಪಾಠ ಮಾಡಿದ್ದೆವು. ನೀರಿನಲ್ಲಿ ಕೈಕಾಲು ಆಡಿಸುವುದನ್ನು ಕಲಿಸಿದವರು ತೋಟಿಗರ ಮಕ್ಕಳು. ಒಣಗಿದ ಸೋರೆಬುರುಡೆಯನ್ನು ನಮ್ಮ ಸೊಂಟಕ್ಕೆ ಕಟ್ಟಿ, ಮೆಟ್ಟಿಲಿಂದ ನೂಕಿ, ಮುಳುಗಿದಾಗ ತೋಳು ಹಿಡಿದೆತ್ತುತ್ತಿದ್ದರು. ಅವರ ಮಾತು ನಮಗೆ ಅರ್ಧವೇ ತಿಳಿಯುತ್ತಿತ್ತು. ದಡದ ಮೇಲೆ ಮಡಿ ಮೈಲಿಗೆಗಳ ಮಾತು ಎಷ್ಟಿದ್ದರೂ, ಮುಳುಗುವವನು ತನ್ನನ್ನು ಎತ್ತುವ ಕೈಯ ಕುಲಗೋತ್ರವನ್ನು ವಿಚಾರಿಸುವುದಿಲ್ಲ.

ಎಲ್ಲ ನೀರೂ ಎಲ್ಲರಿಗೂ ದಕ್ಕುತ್ತಿತ್ತೆಂದು ಮಾತ್ರ ಯಾರೂ ಭಾವಿಸಬಾರದು. ಕೊಂಕಣದ ಮಹಾಡದಲ್ಲಿ ಚವದಾರ ಕೆರೆಯ ಒಂದು ಬೊಗಸೆ ನೀರಿಗಾಗಿ 1927ರಲ್ಲಿ ಅಂಬೇಡ್ಕರರು ಸತ್ಯಾಗ್ರಹವನ್ನೇ ನಡೆಸಬೇಕಾಯಿತು. ನಮ್ಮ ಸೀಮೆಯಲ್ಲಿಯೂ ಬಾವಿಯ ಕಟ್ಟೆಯಿಂದಲೇ ಹಿಂದಿರುಗಿದವರಿದ್ದರು. ನೀರಿನಿಂದ ಕೂಡಿಸಿಕೊಳ್ಳುವುದು ಎಷ್ಟು ಸಾಧ್ಯವೋ, ನೀರಿನಿಂದ ಹೊರಗಿಡುವುದೂ ಅಷ್ಟೇ ಸಾಧ್ಯ.

ಹೆಸರಘಟ್ಟದ ನೀರು 1896ರಲ್ಲಿಯೂ, ತಿಪ್ಪಗೊಂಡನಹಳ್ಳಿಯ ನೀರು 1933ರಲ್ಲಿಯೂ, ಕಾವೇರಿಯ ನೀರು 1974ರಲ್ಲಿಯೂ ನಗರಕ್ಕೆ ಬಂದವು. ಕೊಳಾಯಿಯು ಮನೆಯೊಳಕ್ಕೆ ಬಂದಂತೆಲ್ಲ ಕೆರೆಯ ಮೇಲಿನ ಆದರವು ಕುಗ್ಗಿತು. ಧರ್ಮಾಂಬುಧಿಯ ಅಂಗಳ ಬಸ್ ನಿಲ್ದಾಣವಾಯಿತು. ಸಂಪಂಗಿಯ ಬಹುಭಾಗ ಕಂಠೀರವ ಕ್ರೀಡಾಂಗಣವಾಗಿ, ಕರಗದ ವಿಧಿಗೆಂದು ಸಣ್ಣದೊಂದು ಕೊಳ ಮಾತ್ರ ಉಳಿಯಿತು. ವೃಷಭಾವತಿಯು ಕೊಚ್ಚೆಯ ಕಾಲುವೆಯಾಗಿ ಕೆಂಗೇರಿಯನ್ನು ದಾಟುತ್ತಿದೆ.

ಇಂದು ಬ್ಯಾಡರಹಳ್ಳಿಯ ಒಂದೊಂದು ಬೀದಿಯಲ್ಲಿಯೂ ಹಲವು ಜಿಲ್ಲೆಗಳ, ಹಲವು ನುಡಿಗಳ ಕುಟುಂಬಗಳು ನೆಲಸಿವೆ. ಶುಲ್ಕ ಕೊಡಬಲ್ಲವರ ಮಕ್ಕಳು ಹಂಚು ಹಾಕಿದ ಕೊಳಗಳಲ್ಲಿ ಈಜುವರು. ಮಿಕ್ಕವರು ಕೆರೆಯನ್ನು ಬೇಲಿಯ ಹೊರಗಿನಿಂದ ನೋಡುವರು. ಕೆರೆಗಳ ಜೀರ್ಣೋದ್ಧಾರಕ್ಕೆ ಈಗ ಹಣವೂ ಉತ್ಸಾಹವೂ ಒದಗುತ್ತಿರುವುದು ಸಂತೋಷದ ಸಂಗತಿ. ಆ ಕಾರ್ಯದಲ್ಲಿ ತೊಡಗಿದ ಮಹನೀಯರಲ್ಲಿ ನಮ್ಮ ಬಿನ್ನಹವಿಷ್ಟೆ: ನಡೆದಾಡುವ ದಾರಿಯ ಜೊತೆಗೆ, ನೀರು ತಿಳಿಯಾಗುವಂತೆ ಮಾಡಿ, ಬೀದಿಯ ಮಕ್ಕಳೆಲ್ಲ ಒಟ್ಟಿಗೆ ಇಳಿಯಬಹುದಾದ ನಾಲ್ಕು ಮೆಟ್ಟಿಲುಗಳನ್ನೂ ಕಟ್ಟಿಸಿಕೊಡಬೇಕು.