ಸೆಟಲ್ ಗುಡ್ಡದ ಗುಹೆ ಮತ್ತು ಒಂದು ಎಲುಬಿನ ಜಗಳ (ಭಾಗ 9)

ನಾವಿರುವ ಲೀಡ್ಸ್‌ನಿಂದ ಕಾರ್ಲೈಲ್ ಕಡೆಗೆ ಹೋಗುವ ರೈಲು ಹತ್ತಿದರೆ ಸುಮಾರು ಒಂದು ಗಂಟೆಗೆ ಸೆಟಲ್ ಅನ್ನೋ ಸಣ್ಣ ಊರು ಸಿಗುತ್ತೆ. ನಮ್ಮ ಸಂಡೂರಿನಷ್ಟೂ ಇಲ್ಲ. ಮಂಗಳವಾರ ಸಂತೆ, ಒಂದು ಚೌಕ, ಸುತ್ತ ಕಲ್ಲಿನ ಮನೆಗಳು. ಊರ ಬೆನ್ನಿಗೇ ಗುಡ್ಡ. ಆ ಗುಡ್ಡದ ಮೇಲೆ ಸಮುದ್ರ ಮಟ್ಟದಿಂದ ಹೆಚ್ಚುಕಡಿಮೆ 440 ಮೀಟರ್ ಎತ್ತರದಲ್ಲಿ, ಸುಣ್ಣಕಲ್ಲಿನ ಬಂಡೆಸಾಲಿನಲ್ಲಿ ಒಂದು ಗುಹೆ ಇದೆ. ಹೆಸರು ವಿಕ್ಟೋರಿಯಾ ಗುಹೆ. ಜೂನ್‌ನಲ್ಲಿ ಅಪ್ಪ, ಅವ್ವ, ಮಾಮ ಬಂದಾಗ ಒಂದು ದಿನ ಇಲ್ಲಿಗೆ ಹೋಗೋಣ ಅಂತ ಲೆಕ್ಕ ಹಾಕ್ತಾ ಇದ್ದೀನಿ. ದಾರಿ ಹುಡುಕಲು ಕೂತವಳಿಗೆ ದಾರಿಗಿಂತ ಅದರ ಚರಿತ್ರೆಯೇ ಉದ್ದ ಸಿಕ್ಕಿತು. ಅದನ್ನೇ ಈ ಸಲ ಬರೀತೀನಿ.

ಗುಹೆ ಹೊರಜಗತ್ತಿಗೆ ಗೊತ್ತಾಗಿದ್ದು ಒಂದು ನಾಯಿಯಿಂದ ಅಂತ ಇಲ್ಲಿ ಹೇಳ್ತಾರೆ. 1837ರಲ್ಲಿ ಮೈಕಲ್ ಹಾರ್ನರ್ ಅನ್ನೋ ಹುಡುಗ ಗುಡ್ಡದಲ್ಲಿ ತಿರುಗಾಡುವಾಗ ನಾಯಿ ನರಿಬಿಲದಂಥ ಸಂದಿಗೆ ನುಗ್ಗಿತು, ಅದರ ಹಿಂದೆ ಹೋದಾಗ ಒಳಗೆ ಖಾಲಿ ಜಾಗ ಇದೆ ಅಂತ ತಿಳಿಯಿತು. ಹಾರ್ನರ್ ಸುದ್ದಿ ಮುಟ್ಟಿಸಿದ್ದು ಸೆಟಲ್‌ನಲ್ಲಿ ತಗಡು, ಪೈಪಿನ ಕೆಲಸ ಮಾಡುತ್ತಿದ್ದ ಜೋಸೆಫ್ ಜಾಕ್ಸನ್‌ಗೆ. ವಿಕ್ಟೋರಿಯಾ ಪಟ್ಟಕ್ಕೆ ಬಂದದ್ದೂ ಅದೇ ವರ್ಷ, ಕಿರೀಟಧಾರಣೆ ಆಗಿದ್ದು 1838ರಲ್ಲಿ. ಹಾಗಾಗಿ ಗುಹೆಗೆ ರಾಣಿಯ ಹೆಸರು ಬಂತು. ಜಾಕ್ಸನ್ ಓದಿದ ಪಂಡಿತನಲ್ಲ, ಆದರೆ ಮಣ್ಣಿನಲ್ಲಿ ಸಿಕ್ಕಿದ್ದನ್ನು ಎಸೆಯಲಿಲ್ಲ. ರೋಮನ್ ಕಾಲದ ನಾಣ್ಯ, ಕಂಚಿನ ಪಿನ್ನು, ಪ್ರಾಣಿಗಳ ಎಲುಬು, ಎಲ್ಲಾ ಎತ್ತಿಟ್ಟು ತಿಳಿದವರಿಗೆ ಪತ್ರ ಬರೆದ. ಇಡೀ ಕಥೆಯಲ್ಲಿ ನನಗೆ ಹೆಚ್ಚು ಇಷ್ಟವಾದ ಮನುಷ್ಯ ಇವನೇ.

ದೊಡ್ಡ ಅಗೆತ ನಡೆದದ್ದು 1870ರಿಂದ 1878ರವರೆಗೆ. ಮೊದಲು ವಿಲಿಯಂ ಬಾಯ್ಡ್ ಡಾಕಿನ್ಸ್, ಆಮೇಲೆ ಭೂವಿಜ್ಞಾನ ಸರ್ವೇಕ್ಷಣೆಯ ರಿಚರ್ಡ್ ಟಿಡ್ಡೆಮನ್ ಮುಂದೆ ನಿಂತು ನಡೆಸಿದರು. ಬ್ರಿಟಿಷ್ ಅಸೋಸಿಯೇಷನ್ ಹಣ ಕೊಟ್ಟಿತು. ಇವತ್ತು ಗುಹೆಯ ಬಾಯಿ ದೊಡ್ಡ ಛತ್ರದ ಬಾಗಿಲಿನ ಹಾಗೆ ಅಗಲ ಕಾಣುತ್ತಲ್ಲ, ಅದು ಪ್ರಕೃತಿ ಮಾಡಿದ್ದಲ್ಲ. ಎಂಟು ವರ್ಷ ಮಣ್ಣು, ಬಂಡೆ ಹೊರಗೆ ಹೊತ್ತುಹಾಕಿದ ಮೇಲೆ ಆದ ಅಗಲ ಅದು. ಹೊತ್ತುಹಾಕಿದ ಮಣ್ಣು ಬಾಗಿಲ ಮುಂದೆ ಈಗಲೂ ದಿಬ್ಬವಾಗಿ ಬಿದ್ದಿದೆ. ಅದರ ಮೇಲೆ ಹುಲ್ಲು ಬೆಳೆದು ಕುರಿ ಮೇಯುತ್ತವೆ. ನಮ್ಮ ಕಡೆ ಗಣಿ ಮಣ್ಣಿನ ದಿಬ್ಬ ನೋಡಿ ಬೆಳೆದವರಿಗೆ ಇದು ಏನು ಅಂತ ದೂರದಿಂದಲೇ ಗೊತ್ತಾಗುತ್ತೆ.

ಒಳಗೆ ಸಿಕ್ಕಿದ್ದು ಪದರ ಪದರವಾಗಿ. ಮೇಲೆ ರೋಮನ್ ಕಾಲದ ವಸ್ತುಗಳು. ಅದರ ಕೆಳಗಿನ ಮಣ್ಣಿನಲ್ಲಿ ಕರಡಿ, ಹಿಮಸಾರಂಗದ ಎಲುಬು, ಜಿಂಕೆ ಕೊಂಬಿನಿಂದ ಮಾಡಿದ ಮುಳ್ಳಿನ ಭರ್ಜಿಮೊನೆ. ಆ ಮೊನೆ 11,000 ವರ್ಷಕ್ಕೂ ಹಳೆಯದು. ಇನ್ನೂ ಕೆಳಗೆ ದಪ್ಪನೆಯ ಜೇಡಿಮಣ್ಣು, ಹಿಮಗಡ್ಡೆ ಈ ಕಣಿವೆಯನ್ನು ಮುಚ್ಚಿದ್ದ ಕಾಲದ್ದು. ಆ ಜೇಡಿಯನ್ನೂ ದಾಟಿ ಅಗೆದರೆ ನೀರಾನೆ, ಘೇಂಡಾಮೃಗ, ನೇರ ದಂತದ ಆನೆ ಮತ್ತು ಕತ್ತೆಕಿರುಬಗಳ ಎಲುಬುಗಳು! ಯಾರ್ಕ್‌ಶೈರ್‌ನಲ್ಲಿ ನೀರಾನೆ ಅಂದರೆ ನಂಬ್ತೀರಾ? ನಾನು ಇಲ್ಲಿ ಮೇ ತಿಂಗಳಲ್ಲೂ ಸ್ವೆಟರ್ ತೆಗೆಯೋದಿಲ್ಲ. ಎಲುಬಿನ ಮೇಲೆ ಕಟ್ಟಿದ್ದ ಸುಣ್ಣದ ಪದರವನ್ನು ಯುರೇನಿಯಂ ವಿಧಾನದಲ್ಲಿ ಪರೀಕ್ಷಿಸಿ 1981ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ ಆ ಪ್ರಾಣಿಗಳ ಕಾಲ ಸುಮಾರು 1,20,000 ವರ್ಷಗಳ ಹಿಂದೆ. ಎರಡು ಹಿಮಯುಗಗಳ ನಡುವಿನ ಬೆಚ್ಚಗಿನ ಕಾಲ ಅದು. ಗುಹೆ ಆಗ ಕತ್ತೆಕಿರುಬಗಳ ಮನೆ. ಬೇರೆ ಪ್ರಾಣಿಗಳ ಎಲುಬುಗಳು ಒಳಗೆ ಬಂದದ್ದು ಹೆಚ್ಚಾಗಿ ಅವುಗಳ ಬಾಯಲ್ಲಿ.

ಈಗ ಜಗಳದ ವಿಷಯಕ್ಕೆ ಬರ್ತೀನಿ. ಆ ತಳದ ಪದರದಲ್ಲಿ, ಕತ್ತೆಕಿರುಬದ ಎಲುಬುಗಳ ಜೊತೆ, ಒಂದು ತುಂಡು ಎಲುಬು ಸಿಕ್ಕಿತು. ನೋಡಲು ಫಿಬುಲಾ ಥರ. ಮೊಣಕಾಲಿನಿಂದ ಪಾದದವರೆಗೆ ನಮಗೆ ಎರಡು ಎಲುಬು. ಭಾರ ಹೊರುವ ದಪ್ಪದ್ದು ಟಿಬಿಯಾ, ಹೊರಮಗ್ಗುಲಿಗೆ ಸಣ್ಣ ಕೋಲಿನ ಹಾಗಿರೋದು ಫಿಬುಲಾ. ಅವ್ವ ಹಿತ್ತಲಲ್ಲಿ ಜಾರಿಬಿದ್ದಾಗ ಬಿರುಕು ಬಿಟ್ಟಿತ್ತಲ್ಲ, ಅದೇ. ಗುಹೆಯ ತುಂಡನ್ನು ಜಾರ್ಜ್ ಬಸ್ಕ್ ಅವರಿಗೆ ತೋರಿಸಿದರು. ಬಸ್ಕ್ ಸಾಮಾನ್ಯರಲ್ಲ. ಗ್ರೀನಿಚ್‌ನಲ್ಲಿ ಡ್ರೆಡ್‌ನಾಟ್ ಅನ್ನೋ ಹಡಗಿನಲ್ಲೇ ನಡೆಯುತ್ತಿದ್ದ ನಾವಿಕರ ಆಸ್ಪತ್ರೆಯಲ್ಲಿ ವರ್ಷಗಟ್ಟಲೆ ಸರ್ಜನ್ ಆಗಿದ್ದವರು, 1871ರಲ್ಲಿ ರಾಯಲ್ ಕಾಲೇಜ್ ಆಫ್ ಸರ್ಜನ್ಸ್‌ನ ಅಧ್ಯಕ್ಷರು. ಅವರು ನೋಡಿ, ಇದು ಮನುಷ್ಯನದು ಅಂದರು.

ಒಂದು ತುಂಡು ಎಲುಬಿಗೆ ಇಷ್ಟು ಗಲಾಟೆ ಯಾಕೆ? ಡಾರ್ವಿನ್ ಪುಸ್ತಕ ಬಂದು ಆಗಿನ್ನೂ 15 ವರ್ಷ ಆಗಿರಲಿಲ್ಲ. ಮನುಷ್ಯ ಎಷ್ಟು ಹಳಬ ಅನ್ನೋದು ಚರ್ಚು, ಕಾಲೇಜು, ಮನೆ ಎಲ್ಲಾ ಕಡೆ ಬಿಸಿ ಮಾತು. ಎಲುಬು ಮನುಷ್ಯನದಾದರೆ, ಹಿಮಗಡ್ಡೆ ಬರುವ ಮೊದಲೇ ಉತ್ತರ ಇಂಗ್ಲೆಂಡಿನಲ್ಲಿ ಜನ ಇದ್ದರು ಅಂತ ಅರ್ಥ. ಟಿಡ್ಡೆಮನ್ ಅದನ್ನೇ ಗಟ್ಟಿಯಾಗಿ ಹೇಳಿದರು. ಅವರ ವಾದದ ಒಂದು ಕಾಲು ಬಲವಾಗಿತ್ತು. ಮೇಲಿನ ಜೇಡಿ ಹಿಮದ ಕಾಲದ್ದು, ಹಾಗಾಗಿ ಕೆಳಗಿನ ಎಲುಬುಗಳು ಅದಕ್ಕೂ ಹಳೆಯವು. ಇದು ಸರಿಯೇ ಅಂತ ಮುಂದೆ ಗೊತ್ತಾಯಿತು. ಇನ್ನೊಂದು ಕಾಲು ಮಾತ್ರ ಆ ಒಂದೇ ತುಂಡಿನ ಮೇಲೆ ನಿಂತಿತ್ತು. ಡಾಕಿನ್ಸ್ ಮೊದಲಾದವರು ಅನುಮಾನ ಎತ್ತಿದರು, ಸಭೆಗಳಲ್ಲಿ ವಾದ ನಡೆಯಿತು. 1870ರ ದಶಕ ಮುಗಿಯುವಷ್ಟರಲ್ಲಿ ಅದು ಕರಡಿಯ ಎಲುಬೇ ಇರಬೇಕು ಅನ್ನೋ ಕಡೆಗೆ ಬಸ್ಕ್ ಕೂಡ ಬಂದರು.

ಓದಿ ನಗಬೇಡಿ. ದರೋಜಿಯ ಕರಡಿಧಾಮ ನೋಡಿದವರೇ ಅಲ್ವಾ ನೀವೆಲ್ಲ, ಕರಡಿ ಮುಂಗಾಲು ಎತ್ತಿ ನಿಂತಾಗ ಮನುಷ್ಯನ ಹಾಗೆ ಕಾಣೋದಿಲ್ವಾ? ಒಳಗಿನ ಎಲುಬೂ ಹಾಗೇ. ಚರ್ಮ, ಉಗುರು ಹೋದ ಕರಡಿ ಪಾದವನ್ನು ನೋಡಿ ಮನುಷ್ಯನ ಕೈಯೋ ಕಾಲೋ ಸಿಕ್ಕಿತು ಅಂತ ಇವತ್ತಿಗೂ ಜನ ಪೊಲೀಸರಿಗೆ ಫೋನ್ ಮಾಡೋದುಂಟು. ಎರಡೂ ತುದಿ ಇಲ್ಲದ ಫಿಬುಲಾ ತುಂಡು, ಅದೂ ಎಕ್ಸ್‌ರೇಯೇ ಇಲ್ಲದ ಕಾಲದಲ್ಲಿ! ಎಕ್ಸ್‌ರೇ ಬಂದದ್ದು 1895ರಲ್ಲಿ. ಅಷ್ಟು ಹೆಸರು ಮಾಡಿದ ಸರ್ಜನ್ ಅಭಿಪ್ರಾಯ ಬದಲಿಸಿದರು ಅನ್ನೋದು ನನಗೆ ದೊಡ್ಡದಾಗಿ ಕಾಣುತ್ತೆ. ರೌಂಡ್ಸ್‌ನಲ್ಲಿ ಹಿರಿಯ ಡಾಕ್ಟರ್ ಹಿಂದೆ ನಡೆದ ನರ್ಸ್‌ಗಳಿಗೆ ಇದು ಎಷ್ಟು ಅಪರೂಪ ಅಂತ ಬಿಡಿಸಿ ಹೇಳಬೇಕಾಗಿಲ್ಲ. ಈಗಿನ ತಿಳಿವಳಿಕೆ ಏನಂದ್ರೆ, ನೀರಾನೆಗಳು ಇಲ್ಲಿದ್ದ ಆ ಬೆಚ್ಚಗಿನ ಕಾಲದಲ್ಲಿ ಬ್ರಿಟನ್ನಿನಲ್ಲಿ ಮನುಷ್ಯರ ಗುರುತೇ ಇಲ್ಲ. ನಾಡೆಲ್ಲ ಪ್ರಾಣಿಗಳದ್ದೇ.

ಬಳ್ಳಾರಿ ಸ್ನೇಹಿತರಿಗೆ ಒಂದು ಮಾತು. ಇದೇ ಹುಡುಕಾಟ ಆಗ ನಮ್ಮ ಕಡೆಯೂ ನಡೆದಿತ್ತು. ಸಂಗನಕಲ್ಲು, ಕುಪ್ಪಗಲ್ಲು ಗುಡ್ಡಗಳ ಕಲ್ಲಿನ ಕೊಡಲಿಗಳನ್ನು ಲೋಕಕ್ಕೆ ತೋರಿಸಿದ ರಾಬರ್ಟ್ ಬ್ರೂಸ್ ಫೂಟ್ ಕೂಡ ಟಿಡ್ಡೆಮನ್ ಹಾಗೆ ಭೂವಿಜ್ಞಾನ ಸರ್ವೇಕ್ಷಣೆಯವರೇ, ಭಾರತದ್ದು ಅಷ್ಟೇ. 1884ರಲ್ಲಿ ಅವರು, ಆಮೇಲೆ ಅವರ ಮಗ ಹೆನ್ರಿ, ಆಗ ಕರ್ನೂಲು ಜಿಲ್ಲೆಯಲ್ಲಿದ್ದ ಬಿಲ್ಲ ಸುರ್ಗಂ ಗುಹೆಗಳನ್ನು ಅಗೆದರು. ಬಳ್ಳಾರಿಯಿಂದ ಒಂದು ದಿನದಲ್ಲಿ ಹೋಗಿ ಬರಬಹುದು. ಯಾರಾದರೂ ಹೋದರೆ ಫೋಟೋ ಹಾಕ್ರಿ.

ಇನ್ನು ಫಿಬುಲಾ ಪದ. ಲ್ಯಾಟಿನ್‌ನಲ್ಲಿ ಅದರ ಅರ್ಥ ಬಟ್ಟೆಗೆ ಚುಚ್ಚುವ ಪಿನ್ನು. ಕಾಲೆಲುಬು ಪಿನ್ನಿನ ಕಡ್ಡಿ ಹಾಗೆ ಕಾಣುತ್ತೆ ಅಂತ ಆ ಹೆಸರು. ಜಾಕ್ಸನ್ ಎತ್ತಿಟ್ಟ ರೋಮನ್ ಪಿನ್ನುಗಳನ್ನೂ ಪುರಾತತ್ವದವರು ಫಿಬುಲಾ ಅಂತಲೇ ಕರೀತಾರೆ! ಗುಹೆಯ ಕೆಲವು ಪಿನ್ನುಗಳು ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿವೆ. ಡ್ರ್ಯಾಗನ್ ಆಕಾರದ್ದೂ ಇದೆ, ಬಾಲ ಸುತ್ತಿಕೊಂಡು ಎಸ್ ಅಕ್ಷರದ ಹಾಗೆ. ಅವ್ವನ ಸೆರಗಿಗೆ ಹಾಕಿದರೆ ಒಪ್ಪುತ್ತೆ.

ನಡಿಗೆಗೆ ಎರಡು ದಾರಿ. ಸೆಟಲ್ ಚೌಕದಿಂದ ಹತ್ತಿ, ಆಟರ್‌ಮೈರ್ ಬಂಡೆಗಳ ಬದಿಯಿಂದ ಸುತ್ತು ಹಾಕಿ ಇಳಿದರೆ ಹತ್ತು ಕಿಲೋಮೀಟರ್ ಹತ್ತಿರ, ಏರು 300 ಮೀಟರ್‌ಗೆ ಕಡಿಮೆ ಇಲ್ಲ. ಇದು ಮಾಮನಿಗೆ ಮತ್ತು ನನಗೆ. ಅವ್ವನ ಮೊಣಕಾಲಿಗೆ ಬೇಡ. ಲ್ಯಾಂಕ್ಲಿಫ್ ಹಳ್ಳಿಯಿಂದ ಮಾಲಮ್ ಕಡೆಗೆ ಹೋಗುವ ಗುಡ್ಡದ ರಸ್ತೆಯಲ್ಲಿ ಕಾರಿನಲ್ಲೇ ಮೇಲೆ ಹೋಗಿ, ಅಲ್ಲಿಂದ ನಡೆದರೆ ಏರು ತುಂಬಾ ಕಮ್ಮಿ. ಅಪ್ಪ, ಅವ್ವ ಆ ಕಡೆಯಿಂದ ಬರಲಿ, ಗುಹೆ ಮುಂದೆ ಎಲ್ಲಾ ಸೇರೋಣ. ಕೊನೆಯ ಮೆಟ್ಟು ಕಡಿದು, ಸಡಿಲ ಕಲ್ಲು. ಅವ್ವ ಕೆಳಗಿನ ಹುಲ್ಲಿನ ಮೇಲೆ ಕೂತೇ ಗುಹೆಯ ಬಾಯಿ ನೋಡಬಹುದು.

ಒಳಗೆ ಹೋಗೋದು ಯಾರಿಗೂ ಬೇಡ, ಸೂರಿನಿಂದ ಕಲ್ಲು ಬೀಳುತ್ತೆ. ಜಾಗ ಕಾನೂನಿನಿಂದ ರಕ್ಷಿತ, ಮಣ್ಣು ಕೆದಕಿ ಎಲುಬು ಹುಡುಕುವ ಆಸೆಯೂ ಬೇಡ. ಸುಣ್ಣಕಲ್ಲು ಒದ್ದೆಯಾದರೆ ಸೋಪಿನ ಹಾಗೆ ಜಾರುತ್ತೆ, ನಮ್ಮ ಬಳ್ಳಾರಿ ಗ್ರಾನೈಟಿನ ಹಿಡಿತ ಇದಕ್ಕಿಲ್ಲ. ಹಿಂದಿನ ರಾತ್ರಿ ಮಳೆ ಬಂದಿದ್ದರೆ ದಿನ ಬದಲಿಸ್ತೀವಿ. ನನ್ನ ಎರಡು ನೈಟ್ ಡ್ಯೂಟಿ ಮುಗಿದು ಒಂದು ದಿನ ನಿದ್ದೆ ಆದ ಮೇಲೆ, ಮಂಗಳವಾರ ಇಟ್ಟುಕೊಂಡಿದ್ದೀನಿ. ಬರುವಾಗ ಸಂತೆಯೂ ಆಗುತ್ತೆ. ಬುತ್ತಿಗೆ ಜೋಳದ ರೊಟ್ಟಿ, ಶೇಂಗಾ ಚಟ್ನಿ ಪುಡಿ. ಚಟ್ನಿ ಪುಡಿ ಊರಿಂದಲೇ ಬರಬೇಕು, ಅರ್ಧ ಕೆಜಿ ಸಾಲೋದಿಲ್ಲ.